ಎಚ್‌ಎಸ್‌ಜಿ ಪರೀಕ್ಷೆ: ‘ಟ್ಯೂಬ್ ಬ್ಲಾಕ್’ ಎಂದರೆ ಎಷ್ಟು ನಂಬಬಹುದು?

ಗರ್ಭಕೋಶದ ಎರಡು ಬದಿಯ ಅಂಡನಾಳಗಳು (ಟ್ಯೂಬ್) ತೆರೆದಿವೆಯೇ ಎಂದು ನೋಡಲು, ಗರ್ಭಕೋಶದ ಬಾಯಿಯಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ, ಅಯೋಡಿನ್ ಇರುವ ಡೈ ಬಿಟ್ಟು ಎಕ್ಸ್‌ರೇ ತೆಗೆಯುವುದೇ ಎಚ್‌ಎಸ್‌ಜಿ. ಅರಿವಳಿಕೆ ಬೇಡ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಟ್ಯೂಬ್ ತೆರೆದಿದೆ ಎಂದು ಬಂದರೆ ಬಹುಮಟ್ಟಿಗೆ ನಂಬಬಹುದು. ಬ್ಲಾಕ್ ಎಂದು ಬಂದರೆ ಮಾತ್ರ ಫಿಲ್ಮ್‌ಗಳನ್ನು ಕೇಳಿ ಪಡೆದು ಇನ್ನೊಬ್ಬ ತಜ್ಞರಿಗೆ ತೋರಿಸಿ.

ಅದರಲ್ಲೂ ವರದಿಯಲ್ಲಿ ‘ಕಾರ್ನುಯಲ್ ಬ್ಲಾಕ್’ ಎಂದಿದ್ದರೆ. ಗರ್ಭಕೋಶಕ್ಕೆ ಟ್ಯೂಬ್ ಸೇರುವ ಆ ಬುಡದಲ್ಲಿ ರಂಧ್ರ ತೀರಾ ಕಿರಿದು, ಸುತ್ತಲೂ ದಪ್ಪ ಸ್ನಾಯು. ಡೈಯನ್ನು ರಭಸದಿಂದ ಒತ್ತಿದರೆ ಸ್ನಾಯು ಬಿಗಿದು ದಾರಿ ಮುಚ್ಚುತ್ತದೆ; ಒಮ್ಮೊಮ್ಮೆ ಲೋಳೆಯೂ ಅಡ್ಡ ಬರುತ್ತದೆ. ಚೆನ್ನಾಗಿ ಮಾಡುವ ಕಡೆ 5ರಿಂದ 10 ಎಂ.ಎಲ್. ಡೈಯನ್ನು ನಿಧಾನವಾಗಿ ಬಿಡುತ್ತಾರೆ. ಒಂದು ಕಡೆ ತುಂಬದಿದ್ದರೆ ಸ್ವಲ್ಪ ಕಾದು, ಮಗ್ಗುಲಾಗಿಸಿ ಮತ್ತೆ ನೋಡುತ್ತಾರೆ. ಒಂದೇ ಫಿಲ್ಮ್‌ನ ಮೇಲೆ ‘ಎರಡೂ ಬ್ಲಾಕ್’ ಎಂದು ಬರೆದದ್ದನ್ನು ನಂಬಿ ಐವಿಎಫ್‌ಗೆ (ಪ್ರನಾಳ ಶಿಶು ಚಿಕಿತ್ಸೆಗೆ) ಹಣ ಕಟ್ಟಬೇಡಿ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವ, ಇಲ್ಲವೇ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸುವ ಲ್ಯಾಪರೋಸ್ಕೋಪಿಯಲ್ಲಿ ನೀಲಿ ಡೈ ಬಿಟ್ಟು ನೋಡುವ ಬಗ್ಗೆ ವೈದ್ಯರನ್ನು ಕೇಳಿ.

ಟ್ಯೂಬಿನ ತುದಿ ಊದಿ ಡೈ ಹೊರಬೀಳದಿದ್ದರೆ ಅದು ಹೈಡ್ರೋಸಾಲ್ಪಿಂಕ್ಸ್, ಅಂದರೆ ತುದಿ ಮುಚ್ಚಿ ನೀರು ತುಂಬಿಕೊಂಡ ಟ್ಯೂಬ್ ಇರಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒಳಗಿನ ನೀರು ಗರ್ಭಕೋಶಕ್ಕೆ ಇಳಿದರೆ ಭ್ರೂಣ ಕೂರುವುದು ಕಷ್ಟ, ಹಾಗಾಗಿ ಐವಿಎಫ್‌ಗೆ ಮೊದಲೇ ಆ ಟ್ಯೂಬನ್ನು ತೆಗೆಯುತ್ತಾರೆ ಅಥವಾ ಬುಡದಲ್ಲಿ ಕ್ಲಿಪ್ ಹಾಕುತ್ತಾರೆ. ಟ್ಯೂಬ್ ಮಣಿಸರದಂತೆ ಗಂಟುಗಂಟಾಗಿ ಕಂಡರೆ ನಮ್ಮ ದೇಶದಲ್ಲಿ ಮೊದಲು ಕ್ಷಯದ ಅನುಮಾನ ಬರಬೇಕು.

ಈ ಪರೀಕ್ಷೆಯ ಮಿತಿಗಳೂ ಇವೆ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇದರಲ್ಲಿ ಕಾಣುವುದಿಲ್ಲ. ಡೈಯೊಳಗಿನ ಗಾಳಿಗುಳ್ಳೆ ಪಾಲಿಪ್‌ನಂತೆ (ಒಳಪದರದ ಸಣ್ಣ ಗಡ್ಡೆಯಂತೆ) ತೋರಬಹುದು. ಗರ್ಭಕೋಶದ ನಡುವೆ ಪೊರೆಯಿದೆಯೋ, ಗರ್ಭಕೋಶವೇ ಎರಡು ಕವಲಾಗಿದೆಯೋ ಎಂದು ತಿಳಿಯಲು ತ್ರೀಡಿ ಸ್ಕ್ಯಾನ್ ಅಥವಾ ಎಂಆರ್‌ಐ ಬೇಕು. ಡೈ ಬದಲು ಸಲೈನ್ (ಉಪ್ಪುನೀರು) ಬಿಟ್ಟು ಮಾಡುವ ಎಸ್‌ಎಸ್‌ಜಿ ಸ್ಕ್ಯಾನ್‌ನಲ್ಲಿ ವಿಕಿರಣವಿಲ್ಲ. ಆದರೆ ಗರ್ಭಕೋಶದ ಹಿಂದೆ ನೀರು ಕಂಡರೆ ಒಂದಾದರೂ ಟ್ಯೂಬ್ ತೆರೆದಿದೆ ಎಂದಷ್ಟೇ ಗೊತ್ತಾಗುತ್ತದೆ, ಯಾವುದು ಎಂದಲ್ಲ.

ಮಾಡಿಸುವುದಾದರೆ ಮುಟ್ಟಿನ 6ರಿಂದ 10ನೇ ದಿನದೊಳಗೆ, ರಕ್ತ ಪೂರ್ತಿ ನಿಂತ ಮೇಲೆ. ಮುಟ್ಟಾದ ದಿನದಿಂದ ಪರೀಕ್ಷೆಯವರೆಗೆ ಲೈಂಗಿಕ ಸಂಪರ್ಕ ಬೇಡ. ವೈದ್ಯರು ಬರೆದ ನೋವಿನ ಮಾತ್ರೆಯನ್ನು ಒಂದು ಗಂಟೆ ಮೊದಲೇ ನುಂಗಿ; ನೋವು ತಡೆದುಕೊಳ್ಳುವುದೇ ಹೆಣ್ಣಿನ ಕರ್ತವ್ಯ ಎನ್ನುವವರ ಮಾತು ಕೇಳಬೇಡಿ. ಥೈರಾಯ್ಡ್ ತೊಂದರೆ, ಹಿಂದೆ ಡೈಗೆ ಆದ ಅಲರ್ಜಿ, ಕಿಬ್ಬೊಟ್ಟೆಯ ಸೋಂಕು ಇದ್ದರೆ ಮೊದಲೇ ತಿಳಿಸಿ. ಒಂದೆರಡು ದಿನ ಸ್ವಲ್ಪ ರಕ್ತ, ಅಂಟು ದ್ರವ ಹೋಗುವುದು ಸಹಜ. ಜ್ವರ, ವಾಸನೆಯ ಸ್ರಾವ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.