ಐದು ಮಳೆಗಾಲ ಕಂಡ ಕಳೆ ಮೆಷಿನ್

ಮೂರು ಎಕರೆ ಅಡಿಕೆ ತೋಟಕ್ಕೆಂದು 2020ರಲ್ಲಿ 43 ಸಿಸಿಯ ಟೂ ಸ್ಟ್ರೋಕ್ ಕಳೆ ಮೆಷಿನ್ ತಂದೆ. ಹೆಗಲಿಗೆ ತೂಗುಹಾಕಿಕೊಂಡು ಹೊಡೆಯುವಂಥದ್ದು. ಕಂಪನಿ ಹೆಸರು ಬೇಡ. ಈ ಜಾತಿಯ ಮೆಷಿನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಅಳುತ್ತವೆ.

ಹುಲ್ಲು ಹೊಡೆಯುವ ವಿಷಯದಲ್ಲಿ ದೂರಿಲ್ಲ. ಒಂದು ಲೀಟರ್‌ಗೆ ಸುಮಾರು ಒಂದು ಗಂಟೆ ಓಡುತ್ತದೆ. ಕಾಟ ಶುರುವಾಗಿದ್ದು ಎರಡನೇ ವರ್ಷ. ಹಗ್ಗ ಎಳೆದರೆ ಚೆನ್ನಾಗೇ ಹೊತ್ತಿಕೊಳ್ಳುತ್ತಿತ್ತು. ಹದಿನೈದು ನಿಮಿಷ ಆದ ಮೇಲೆ ಸದ್ದು ತಾನಾಗಿ ತೆಳ್ಳಗಾಗಿ, 'ವೀಂಯ್' ಅಂತ ಏರಿ, ಥಟ್ಟನೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಪೇಟೆಯ ಮೆಕ್ಯಾನಿಕ್, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್ ಹೋಗಿದೆ ಅಂದರು. ಹೊಸದು ಹಾಕಿಸಿದೆ. ಮಾರನೇ ದಿನ ಅದೇ ಹಾಡು!

ಒಂದು ದಿನ ಹೀಗೇ ನಿಂತಾಗ ಪೆಟ್ರೋಲ್ ಇದೆಯಾ ನೋಡೋಣ ಅಂತ ಮುಚ್ಚಳ ತಿರುಗಿಸಿದೆ. 'ಸುಸ್' ಅಂತ ಗಾಳಿ ಒಳಗೆ ಎಳೆದುಕೊಂಡಿತು. ಹಗ್ಗ ಎಳೆದೆ, ಒಂದೇ ಏಟಿಗೆ ಸ್ಟಾರ್ಟ್. ಮುಚ್ಚಳದಲ್ಲಿರುವ ಗಾಳಿ ತೂತಿಗೆ ಮಣ್ಣು ಕಟ್ಟಿತ್ತು, ಅಷ್ಟೇ. ಪೆಟ್ರೋಲ್ ಖರ್ಚಾದ ಜಾಗಕ್ಕೆ ಗಾಳಿ ಬರದಿದ್ದರೆ ಉಳಿದ ಪೆಟ್ರೋಲ್ ಕಾರ್ಬುರೇಟರಿಗೆ ಹೋಗುವುದಾದರೂ ಹೇಗೆ? ಸುಮ್ನೆ ದುಡ್ಡು ದಂಡ.

ಅಲ್ಲಿಂದ ಕಿವಿ ಕೊಟ್ಟು ಕೇಳುವುದು ಅಭ್ಯಾಸವಾಯಿತು. ಕೆಲಸ ಮಾಡುವಾಗ ಕಿವಿಗೆ ಹತ್ತಿ ಇರುತ್ತದೆ, ಮೊದಲ ಎರಡು ನಿಮಿಷ ಮಾತ್ರ ತೆಗೆದಿಟ್ಟು ಕೇಳುತ್ತೇನೆ. 'ಬೊಬೊಬೊ' ಅಂತ ದಪ್ಪ ಸದ್ದು, ಜೊತೆಗೆ ಹೊಗೆ ಜಾಸ್ತಿ ಇದ್ದರೆ ಏರ್ ಫಿಲ್ಟರ್ ಸ್ಪಂಜು ತೊಳೆಯಬೇಕು, ಇಲ್ಲವೇ ಗಾಳಿ ಕಡಿಮೆ ಮಾಡುವ ಚೋಕ್ ಅರ್ಧ ಹಾಕಿದ್ದು ಮರೆತಿರುತ್ತೇನೆ. ಸದ್ದು ತೆಳ್ಳಗಿದ್ದು, ಚೋಕ್ ಸ್ವಲ್ಪ ಹಾಕಿದ ಕೂಡಲೇ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ. ಆಗ ಟ್ಯಾಂಕಿನೊಳಗಿನ ಫಿಲ್ಟರ್, ಪೈಪಿನ ಬಿರುಕು ನೋಡುತ್ತೇನೆ. ಹೀಗೆ ಒಣಗಿದ ಸದ್ದಿನಲ್ಲೇ ಜೋರಾಗಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಂಟಲು ಕಟ್ಟಿದ ಹಾಗಿದ್ದರೆ ಸೈಲೆನ್ಸರಿನ ಜಾಲರಿಗೆ ಮಸಿ ಕಟ್ಟಿದೆಯಾ ಅಂತ ಬಿಚ್ಚಿ ನೋಡಿ. ಬ್ಲೇಡ್ ಹತ್ತಿರ 'ಕಿರ್ರ್' ಅಂದರೆ ಎಂಜಿನ್ ಮುಟ್ಟಬೇಡಿ, ಗೇರ್ ತಲೆಗೆ ಗ್ರೀಸ್ ಹಾಕಿ. ಐಡಲ್‌ನಲ್ಲೇ, ಅಂದರೆ ಆಕ್ಸಿಲರೇಟರ್ ಬಿಟ್ಟಾಗಲೂ, ಬ್ಲೇಡ್ ತಿರುಗಿದರೆ ಮೊದಲು ಐಡಲ್ ಸ್ಕ್ರೂ ಇಳಿಸಿ, ಆಮೇಲೂ ನಿಲ್ಲದಿದ್ದರೆ ಕ್ಲಚ್ ಸ್ಪ್ರಿಂಗ್ ನೋಡಿಸಿ.

ಪೆಟ್ರೋಲಿಗೆ ಬೆರೆಸುವ ಆಯಿಲ್ ಮಾತ್ರ ಕಣ್ಣಳತೆಯಲ್ಲಿ ಸುರಿಯಬೇಡಿ. ನನ್ನದಕ್ಕೆ 25:1, ಅಂದರೆ ಲೀಟರಿಗೆ 40 ಮಿ.ಲೀ. ಪಕ್ಕದ ತೋಟದವರು ಬರೀ ಪೆಟ್ರೋಲ್ ಹಾಕಿ ಒಂದೇ ಬೆಳಿಗ್ಗೆ ಎಂಜಿನ್ ಸುಟ್ಟುಕೊಂಡರು. ಕಳೆ ಹೊಡೆಯುವ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿಯೇ ಅಟ್ಟಕ್ಕೆ ಹಾಕುತ್ತೇನೆ. ಒಂದು ವರ್ಷ ಹಾಗೇ ಬಿಟ್ಟಿದ್ದಕ್ಕೆ ಕಾರ್ಬುರೇಟರಿನೊಳಗೆ ಅಂಟು ಕಟ್ಟಿತ್ತು.

ಐದಕ್ಕೆ ನಾಲ್ಕು ಅಂಕ. ಕಡಿದಿದ್ದು ಜೊತೆಗೆ ಬಂದ ಪುಸ್ತಕಕ್ಕೆ. ಮುಚ್ಚಳದ ಗಾಳಿ ತೂತಿನ ಮಾತೇ ಅದರಲ್ಲಿಲ್ಲ.