ಡಿಜಿಟಲ್ಲಾ, ಮೀಡಿಯಂ ಫಾರ್ಮ್ಯಾಟ್ ಫಿಲ್ಮಾ? ಮಳೆ ಬೀಳುವ ಊರಿನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಿಜಿಟಲ್‌ಗೆ. ತೀರ್ಥಹಳ್ಳಿ ಕಡೆಯ ತೋಟದ ಮನೆ ನಮ್ಮದು. ಮಳೆಗಾಲದಲ್ಲಿ ಹಾಕುವ ಬಟ್ಟೆಯೇ ಒಣಗುವುದಿಲ್ಲ, ಇನ್ನು ಫಿಲ್ಮ್ ರೋಲಿನ ಕತೆ ಕೇಳಬೇಕಾ?

ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ, ನಿಕಾನ್ ಡಿ7200. ಜೊತೆಗೆ ಯಾಶಿಕಾ ಮ್ಯಾಟ್ 124ಜಿ, 120 ಅನ್ನುವ ಅಗಲದ ಫಿಲ್ಮ್ (ಮೀಡಿಯಂ ಫಾರ್ಮ್ಯಾಟ್) ಹಾಕುವಂಥದ್ದು. ಮೇಲೊಂದು ಕೆಳಗೊಂದು ಲೆನ್ಸ್, ಹೊಟ್ಟೆ ಹತ್ತಿರ ಹಿಡಿದು ಬಗ್ಗಿ ನೋಡುವ ಕ್ಯಾಮೆರಾ. ಅದರ ನೆಗೆಟಿವ್ ಸುಮಾರು 56 ಮಿಲಿಮೀಟರ್ ಚೌಕ, ಅಂದರೆ ಡಿ7200ರ ಸೆನ್ಸರ್‌ಗಿಂತ ಎಂಟು ಪಟ್ಟಿಗೂ ಜಾಸ್ತಿ ಜಾಗ. ಜನ ಮರುಳಾಗುವುದು ಇಲ್ಲೇ. ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿದರೆ ನಿಜಕ್ಕೂ ಖುಷಿಯಾಗುತ್ತದೆ, ಸುಳ್ಳು ಹೇಳುವುದಿಲ್ಲ.

ಆದರೆ 120 ಫಿಲ್ಮಿನ ಒಂದು ತರಲೆ ಇದೆ. 35 ಎಂಎಂ ರೋಲಿನ ಹಾಗೆ ಇದಕ್ಕೆ ತಗಡಿನ ಡಬ್ಬಿ ಇಲ್ಲ. ಫಿಲ್ಮಿನ ಬೆನ್ನಿಗೆ ಕಪ್ಪು ಕಾಗದ, ಕಾಗದದ ಹೊರಮೈ ಮೇಲೆ ಫ್ರೇಮ್ ನಂಬರು, ಚುಕ್ಕಿ ಎಲ್ಲ ಅಚ್ಚಾಗಿರುತ್ತದೆ. ಸುತ್ತಿಟ್ಟಾಗ ಆ ಅಚ್ಚು ಪಕ್ಕದ ಸುತ್ತಿನ ಫಿಲ್ಮಿನ ಮೈಗೆ ಒತ್ತಿಕೊಂಡೇ ಇರುತ್ತದೆ. ಶೀತ, ಶಾಖ ಎರಡೂ ಸೇರಿದರೆ ಅದರ ಗುರುತು ಫಿಲ್ಮಿಗೆ ಇಳಿಯುತ್ತದೆ. ಮಳೆಗಾಲದ ಜೋಗಕ್ಕೆ ಎರಡೂ ಕ್ಯಾಮೆರಾ ಒಯ್ದಿದ್ದೆ. ಸ್ಕ್ಯಾನ್ ಬಂದಾಗ ನೋಡಿದರೆ ರಾಜಾ ಧಾರೆಯ ಪಕ್ಕದ ಮಂಜಿನಲ್ಲಿ ಮಸುಕಾಗಿ 7 ಅಂತ ಅಂಕಿ! ಮುಂದಿನದರಲ್ಲಿ 8. ಮರಗಿಡ ತುಂಬಿದ ಫೋಟೋದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಬಯಲು ಆಕಾಶ, ಮಂಜು ಇದ್ದಲ್ಲಿ ಎದ್ದು ಕಾಣುತ್ತದೆ. ಮಲೆನಾಡಿನಲ್ಲಿ ಆ ನಾಲ್ಕು ತಿಂಗಳು ಮಂಜು ಬಿಟ್ಟರೆ ಇನ್ನೇನಿದೆ ಹೇಳಿ.

ಪರಿಹಾರ ಎಲ್ಲರಿಗೂ ಗೊತ್ತಿದ್ದದ್ದೇ: ರೋಲನ್ನು ಫ್ರಿಜ್ಜಿನಲ್ಲಿಡಿ, ತೆಗೆದ ಮೇಲೆ ತಣುಪು ಬಿಡುವವರೆಗೆ ಪ್ಯಾಕೆಟ್ ಒಡೆಯಬೇಡಿ, ಹೊಡೆದು ಮುಗಿದ ಕೂಡಲೇ ತೊಳೆಸಿ, ಅಂದರೆ ಡೆವಲಪ್ ಮಾಡಿಸಿ. ನಮ್ಮಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ, ಫ್ರಿಜ್ಜು ಬರೀ ಕಪಾಟು. ಕೂಡಲೇ ತೊಳೆಸೋಣ ಅಂದರೆ ನಾನು ವಿಚಾರಿಸಿದ ಸ್ಟುಡಿಯೋಗಳಲ್ಲಿ 120 ಮುಟ್ಟುವವರೇ ಸಿಗಲಿಲ್ಲ. ಬೆಂಗಳೂರಿಗೆ ಕೊರಿಯರ್ ಮಾಡಬೇಕು, ಅದು ದಾರಿಯಲ್ಲಿ ಎಲ್ಲಿ ನೆನೆಯುತ್ತಾ ಕೂತಿರುತ್ತದೋ ಯಾರಿಗೆ ಗೊತ್ತು. ಅಮ್ಮನದು ಬೇರೆಯೇ ಸಲಹೆ: "ಒಲೆ ಮೇಲಿನ ಅಟ್ಟದಲ್ಲಿಡೋ, ಹಪ್ಪಳ ಅಲ್ಲಿ ಗರಿಗರಿಯಾಗೇ ಇರತ್ತೆ." ಫಿಲ್ಮಿಗೆ ಬಿಸಿಯೂ ಆಗುವುದಿಲ್ಲ ಕಣಮ್ಮ ಅಂದರೆ, "ಹಾಗಾದ್ರೆ ಅದನ್ನ ಯಾಕೆ ತಂದೆ?" ಅಂದರು. ಉತ್ತರ ಹೊಳೆಯಲಿಲ್ಲ.

ಲೆನ್ಸಿಗೆ ಬೂಷ್ಟು ಹಿಡಿಯುವುದರಲ್ಲಿ ಎರಡೂ ಸಮ. ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ಅಷ್ಟೇ.

ಯಾಶಿಕಾದಲ್ಲಿ ಬಗ್ಗಿ ನೋಡುವ ಗಾಜಿನಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ನಿಂತ ಮನೆಗೆ, ಕೂತ ಅಜ್ಜಿಗೆ ತೊಂದರೆಯಿಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಅವನು ಬಲಕ್ಕೆ, ನಾನು ಎಡಕ್ಕೆ. ಡಿ7200 ಅವನನ್ನು ಬಿಡದೆ ಹಿಡಿಯುತ್ತದೆ. ರಾತ್ರಿ ಅಡಿಕೆ ಸುಲಿಯುವಾಗ ಬಲ್ಬಿನ ಬೆಳಕಿನಲ್ಲಿ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 3200 ಇಟ್ಟರೂ ಆಯಿತು. ಫಿಲ್ಮಿನಲ್ಲಿ 400 ಹಾಕಿದರೆ ರೋಲು ಮುಗಿಯುವವರೆಗೆ 400.

ಮಂಡಗದ್ದೆ ಪಕ್ಷಿಧಾಮದ ಹಕ್ಕಿಗಳಿಗಂತೂ ಯಾಶಿಕಾ ಬೇಡವೇ ಬೇಡ. ಇರುವ 80 ಎಂಎಂ ಲೆನ್ಸ್ ದೂರದ್ದನ್ನು ಹತ್ತಿರ ತರುವುದಿಲ್ಲ, ಬದಲಿಸಲೂ ಬರುವುದಿಲ್ಲ.

12 ಫೋಟೋಗೆ ಒಂದು ರೋಲು ಖಾಲಿ. ಕೊಡಚಾದ್ರಿ ಹತ್ತುವಾಗ ಒಂದು ಕೈಯಲ್ಲಿ ಕೊಡೆ, ಕಾಲಲ್ಲಿ ಉಂಬಳ (ಜಿಗಣೆ), ಆಗ ರೋಲು ಬದಲಿಸಿ ನೋಡಿ.

ಯಾಶಿಕಾದ ಬೆಳಕು ಅಳೆಯುವ ಮೀಟರಿಗೆ ಬೇಕಾದ ಪಾದರಸದ ಸೆಲ್ ಈಗ ಬರುವುದಿಲ್ಲ. ಮೊಬೈಲ್ ಆ್ಯಪಿನಲ್ಲಿ ಬೆಳಕು ಅಳೆದರೆ ನಡೆಯುತ್ತದೆ.

ಫಿಲ್ಮ್ ಗೆಲ್ಲುವುದು ಎರಡು ಕಡೆ. ಜಲಪಾತದ ಬಿಳಿ ನೀರು ಕಲರ್ ನೆಗೆಟಿವ್‌ನಲ್ಲಿ ವಿವರ ಕಳೆದು ಬರೀ ಬಿಳಿಯಾಗಿ ಬೇಗ ಸುಟ್ಟು ಹೋಗುವುದಿಲ್ಲ. ಡಿಜಿಟಲ್‌ನಲ್ಲಿ ನಾನು ಒಂದು ಸ್ಟಾಪ್ ಕಡಿಮೆ (ಅರ್ಧದಷ್ಟು ಬೆಳಕು) ಇಟ್ಟು ಆಮೇಲೆ ಕಂಪ್ಯೂಟರಿನಲ್ಲಿ ನೆರಳು ಎತ್ತುತ್ತೇನೆ. ಇನ್ನೊಂದು, ತಲೆ ತಗ್ಗಿಸಿ ಕ್ಯಾಮೆರಾ ನೋಡುತ್ತಾ ನಿಂತವನ ಮುಂದೆ ಹಳ್ಳಿಯ ಹಿರಿಯರು ಬಿಗಿಯಾಗುವುದಿಲ್ಲ. ಶಟರ್ ಸದ್ದೂ ಬಹಳ ಕಡಿಮೆ.

ರೋಲು, ತೊಳೆಯುವುದು, ಸ್ಕ್ಯಾನು, ಕೊರಿಯರ್ ಸೇರಿ ನನಗೆ ಒಂದು ರೋಲಿಗೆ ಎರಡು ಸಾವಿರ ರೂಪಾಯಿ ಹತ್ತಿರ ಬೀಳುತ್ತದೆ. ಒಂದೇ ದೃಶ್ಯವನ್ನು ಹತ್ತು ಸಲ ಕ್ಲಿಕ್ಕಿಸುವ ಅಭ್ಯಾಸದವನಿಗೆ ಇದು ಆಗಿಬರುವುದಿಲ್ಲ. ಹಾಗಾಗಿ ವರ್ಷವಿಡೀ ಡಿ7200, ಡಿಸೆಂಬರ್, ಜನವರಿಯ ಒಣ ಚಳಿಗೆ ಮಾತ್ರ ಯಾಶಿಕಾ. ನೀವು ಬೆಂಗಳೂರಿನಲ್ಲಿ ಲ್ಯಾಬ್ ಪಕ್ಕದಲ್ಲೇ ಇದ್ದರೆ ಲೆಕ್ಕ ಬೇರೆ.

ಆದರೂ ಯಾಶಿಕಾ ಕೊಳ್ಳುವುದೇ ಆದರೆ ಕೆಳಗಿನ ಲೆನ್ಸ್ ನೋಡಿ, ಫೋಟೋ ಬೀಳುವುದು ಅದರಿಂದಲೇ. ಹಿಂಬಾಗಿಲು ತೆಗೆದು, ಶಟರನ್ನು ಬಿ (ಒತ್ತಿದಷ್ಟು ಹೊತ್ತು ತೆರೆದಿರುವ ಗುರುತು) ಮೇಲೆ ಇಟ್ಟು ಒತ್ತಿ ಹಿಡಿದು, ಮುಂದಿನಿಂದ ಟಾರ್ಚ್ ಬಿಡಿ. ಒಳಗೆ ಬಲೆಯಂಥ ಎಳೆ ಕಂಡರೆ ಬೂಷ್ಟು. ಮೇಲಿನ ಲೆನ್ಸಿನಲ್ಲಿ ಸ್ವಲ್ಪ ಇದ್ದರೆ ಬೆಲೆ ಇಳಿಸಿ ಕೇಳಿ, ಫೋಟೋಗೆ ಅದರಿಂದ ಏನೂ ಆಗುವುದಿಲ್ಲ.