16 ಆಂಪಿಯರ್ ಎಕ್ಸ್‌ಟೆನ್ಷನ್ ರೀಲ್: ಗರಗಸಕ್ಕೂ ವ್ಯಾಕ್ಯೂಮಿಗೂ ಒಂದೇ

ಮರಗೆಲಸಕ್ಕೆ ಎಕ್ಸ್‌ಟೆನ್ಷನ್ ಕೊಳ್ಳುವವರು ಬಣ್ಣ, ಬೆಲೆ ಬಿಟ್ಟು ಮೊದಲು ವೈರಿನ ದಪ್ಪ ನೋಡಿ. ಮೈಸೂರಿನಲ್ಲಿ ನಾನು ಕೊಂಡ ಈ ರೀಲಿನದು 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, 16 ಆಂಪಿಯರ್ ಪ್ಲಗ್.

ನನ್ನ ಸರ್ಕ್ಯುಲರ್ ಗರಗಸ 1,400 ವ್ಯಾಟ್, ಧೂಳೆಳೆಯುವ ವ್ಯಾಕ್ಯೂಮ್ 1,200. ಎರಡೂ ಒಟ್ಟಿಗೆ ಓಡಿದರೆ 230 ವೋಲ್ಟಿನಲ್ಲಿ 11 ಆಂಪಿಯರ್ ದಾಟುತ್ತದೆ. ಟಿವಿ ಪಕ್ಕದ 6 ಆಂಪಿಯರ್ ಸಾಕೆಟ್ಟಿಗೆ ಇದನ್ನು ಖಂಡಿತ ಹಾಕಬೇಡಿ. 16 ಆಂಪಿಯರ್ ಪವರ್ ಪಾಯಿಂಟೇ ಬೇಕು, ಅದೇ ಲೈನಿನಲ್ಲಿ ಗೀಸರ್ ಓಡುತ್ತಿರಬಾರದು. ಗರಗಸ ಶುರುವಾಗುವ ಕ್ಷಣ ಕರೆಂಟು ಜಾಸ್ತಿ ಎಳೆಯುತ್ತದೆ. ಹಾಗಾಗಿ ನಾನು ಮೊದಲು ವ್ಯಾಕ್ಯೂಮ್ ಹಾಕಿ, ಅದು ವೇಗ ಹಿಡಿದ ಮೇಲೆಯೇ ಗರಗಸದ ಸ್ವಿಚ್ ಒತ್ತುವುದು.

ಅರ್ಧ ಗಂಟೆ ಪ್ಲೈವುಡ್ ಕೊಯ್ದ ಮೇಲೆ ಪ್ಲಗ್ ಮುಟ್ಟಿ ನೋಡಿದೆ, ತಣ್ಣಗಿತ್ತು. ವೈರನ್ನು ಪೂರ್ತಿ ಬಿಚ್ಚಿದ್ದೆ. ಸುತ್ತಿಟ್ಟೇ ಓಡಿಸಿದರೆ ಒಳಗಿನ ಬಿಸಿ ಹೊರಬರದೆ ಇನ್ಸುಲೇಷನ್ ಕರಗಬಹುದು. ಓವರ್‌ಲೋಡ್ ಆದರೆ ಹಾರುವ ಕೆಂಪು ಬಟನ್ ಇದೆ, ಬಹಳ ಒಳ್ಳೆಯದು. ಆದರೆ ಅದು ಶಾಕ್ ತಡೆಯುವುದಿಲ್ಲ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಲೇಬೇಕು.

ಸಾಕೆಟ್ಟಿಗೆ ಮುಚ್ಚಳ ಕೊಟ್ಟಿಲ್ಲ, ಮರದ ಪುಡಿ ಒಳಗೆ ಕೂರುತ್ತದೆ. ಅದಕ್ಕೊಂದು ಸ್ಟಾರ್ ಕಡಿಮೆ.